ಚಿಕ್ಕಪ್ಪನ ತಪಸ್ಸು ಕೆಡಿಸಿದವಳು

ಪುರಾಣದ ಕಾಲದಲ್ಲಿ ಯಾರಾದರೂ ಕಾಡಿಗೆ ಹೋಗಿ ತಪಸ್ಸಿಗೆ ಕೂತರೆ ಅದನ್ನು ಕೆಡಿಸಲು ದೇವಲೋಕದಿಂದ ಅಪ್ಸರೆಯರು ಬರುತ್ತಿದ್ದರಂತೆ. ನಮ್ಮ ಚಿಕ್ಕಪ್ಪನ ತಪಸ್ಸು ಕೆಡಿಸಲು ನಮ್ಮ ಮನೆಯವರು ನನ್ನನ್ನು ಕಳಿಸಿದರು. ವಯಸ್ಸು ಐವತ್ತಮೂರು, ಎಡಮಂಡಿ ನೋವು, ಕೈಯಲ್ಲಿ ಮೂರು ಡಬ್ಬಿಯ ಟಿಫಿನ್ ಕ್ಯಾರಿಯರ್. ಕೆಳಗಿನ ಡಬ್ಬಿಯಲ್ಲಿ ಮುದ್ದೆ, ನಡುವಿನದರಲ್ಲಿ ಅವರೆಕಾಳಿನ ಸಾರು, ಮೇಲಿನದರಲ್ಲಿ ಉಪ್ಪಿನಕಾಯಿ. ಇಂಥ ಅಪ್ಸರೆಯನ್ನು ಕಂಡು ಯಾವ ಋಷಿ ತಾನೇ ಕಣ್ಣು ಬಿಟ್ಟಾನು? ಆದರೂ ಹೇಳುತ್ತೇನೆ ಕೇಳಿ, ದೇವಲೋಕದವರು ಎಷ್ಟೋ ಸಲ ಸೋತು ಬಂದ ದಾರಿಗೆ ಸುಂಕವಿಲ್ಲ ಎಂದು ಹಿಂತಿರುಗಿದ್ದಾರೆ. ನಾನು ಸೋಲಲಿಲ್ಲ. ಗೆದ್ದುಬಿಟ್ಟೆ. ಆ ಗೆಲುವು ಇವತ್ತಿಗೂ ನನಗೆ ಜೀರ್ಣವಾಗಿಲ್ಲ.

ಚಿಕ್ಕಪ್ಪ ನಮ್ಮಪ್ಪನ ಕೊನೆಯ ತಮ್ಮ. ವೈಟ್‌ಫೀಲ್ಡ್ ಎಂದರೆ ಹಳ್ಳಿಗಳ ನಡುವಿನ ಒಂದು ಸಣ್ಣ ರೈಲ್ವೆ ಸ್ಟೇಷನ್ ಎಂದಷ್ಟೇ ಜನಕ್ಕೆ ಗೊತ್ತಿದ್ದ ಕಾಲದಲ್ಲಿ ಅಲ್ಲಿ ನಮ್ಮದೊಂದು ದ್ರಾಕ್ಷಿ ತೋಟವಿತ್ತು. ತೋಟದ ಮೂಲೆಯಲ್ಲಿ ಬಾವಿ, ಬಾವಿಯ ಪಕ್ಕದಲ್ಲಿ ಶೀಟು ಹೊದಿಸಿದ ಮೋಟರ್ ಮನೆ. ಮನೆ ಎಂದರೆ ಮನೆಯಲ್ಲ. ಒಳಗೆ ಒಂದು ಮಂಚ ಹಾಕಿದರೆ ಮನುಷ್ಯ ಹೊರಗೆ ನಿಲ್ಲಬೇಕು, ಅಷ್ಟು ಜಾಗ. ತೋಟಕ್ಕೆ ನೀರು ಬಿಡಬೇಕಾದರೆ ತ್ರೀ ಫೇಸ್ ಕರೆಂಟು ಬೇಕು. ಅದು ಯಾವಾಗ ಬರುತ್ತದೆ ಎಂಬುದು ಕರೆಂಟು ಕೊಡುವವರಿಗೇ ಗೊತ್ತಿರುತ್ತಿರಲಿಲ್ಲ. ಬಂದಾಗ ಅಲ್ಲೇ ಇದ್ದು ಸ್ಟಾರ್ಟರಿನ ಹಸಿರು ಗುಂಡಿ ಒತ್ತುವುದಕ್ಕೆ ಒಬ್ಬರು ಬೇಕು. ಹೀಗಾಗಿ ತೋಟವಿದ್ದ ಪ್ರತಿ ಮನೆಯಲ್ಲೂ ಕರೆಂಟು ಕಾಯುವ ಕೆಲಸಕ್ಕೆ ಒಬ್ಬ ಗಂಡಸು ಗೊತ್ತಾಗಿರುತ್ತಿದ್ದ. ಉಳಿದವರೆಲ್ಲ ಅದನ್ನು ಶಿಕ್ಷೆ ಎಂದುಕೊಂಡು ಕಾದರು. ನಮ್ಮ ಚಿಕ್ಕಪ್ಪ ಮಾತ್ರ ಇಪ್ಪತ್ತೆರಡನೇ ವಯಸ್ಸಿನಲ್ಲಿ ಚಾಪೆ ತೆಗೆದುಕೊಂಡು ಅಲ್ಲಿಗೆ ಹೋದವನು, ನಾಲ್ಕು ದಿನ ಬಿಟ್ಟು ದಿಂಬಿಗೆ ಬಂದ, ತಿಂಗಳು ಬಿಟ್ಟು ಚೊಂಬಿಗೆ ಬಂದ, ಆಮೇಲೆ ಬರಲೇ ಇಲ್ಲ.

ಮದುವೆ ಮಾಡಿದರೆ ಸರಿಹೋಗುತ್ತಾನೆ ಎಂದು ಅಜ್ಜಿ ಒಂದು ಹೆಣ್ಣು ನೋಡಿದಳು. ಗಂಡಿನ ಕಡೆಯವರು ಹೆಣ್ಣು ನೋಡಲು ಹೋಗುವುದು ಪದ್ಧತಿ. ಈ ಗಂಡು ಎಲ್ಲಿಗೂ ಬರುವುದಿಲ್ಲ ಎಂದು ಗೊತ್ತಿದ್ದರಿಂದ ಹೆಣ್ಣಿನ ಕಡೆಯವರೇ ಹನ್ನೊಂದು ಜನ ಬಂದರು. ಚಿಕ್ಕಪ್ಪನನ್ನು ಹೇಗೋ ಮನೆಗೆ ಕರೆತಂದು, ಎಣ್ಣೆನೀರು ಹಾಕಿ, ಬಿಳಿ ಪಂಚೆ ಉಡಿಸಿ, ಕುರ್ಚಿಯ ಮೇಲೆ ಕೂರಿಸಿದ್ದರು. ನನಗಾಗ ಒಂಬತ್ತು ವರ್ಷ. ಬಾಗಿಲ ಸಂದಿಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದೇನೆ.

"ಏನ್ ಮಾಡ್ಕೊಂಡಿದ್ದೀಯಪ್ಪ?" ಎಂದರು ಹೆಣ್ಣಿನ ತಂದೆ.

"ಕರೆಂಟ್ ಕಾಯ್ತೀನಿ."

"ಸರಿ, ಬಂದ್ಮೇಲೆ?"

"ಓಗೋದ್ನ ಕಾಯ್ತೀನಿ."

ಅಷ್ಟರಲ್ಲಿ ತಲೆಯ ಮೇಲಿನ ಬಲ್ಬು ಹತ್ತಿಬಿಡಬೇಕೆ! ಚಿಕ್ಕಪ್ಪ "ಬಂತು" ಎಂದವನೇ ಎದ್ದು, ಬಿಳಿ ಪಂಚೆ ಮೇಲಕ್ಕೆ ಕಟ್ಟಿಕೊಂಡು ತೋಟದ ಕಡೆ ನಡೆದ. ಬಂದವರು ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೊರಟುಹೋದರು. ಕರೆದುಕೊಂಡು ಬಾ ಎಂದು ನನ್ನನ್ನು ಓಡಿಸಿದರು. ನಾನು ಹೋದಾಗ ಅವನು ಬಾವಿಯ ಕಟ್ಟೆಯ ಮೇಲೆ ಕೂತು ಕಾಲುವೆಯಲ್ಲಿ ನೀರು ಹೋಗುವುದನ್ನು ನೋಡುತ್ತಿದ್ದ. "ಅವ್ರು ಓದ್ರಾ?" ಎಂದು ಕೇಳಿದ. ಹೋದರು ಎಂದೆ. "ಪಾಪ, ಒಳ್ಳೆ ಜನ" ಎಂದ.

ಅದಾದ ಮೇಲೆ ಅಜ್ಜಿ ಅವನ ತಂಟೆಗೆ ಹೋಗಲಿಲ್ಲ. ಅವಳು ಚಿಕ್ಕವಳಿದ್ದಾಗ ಕೆರೆ ಏರಿಯ ಕಲ್ಲು ಮಂಟಪದಲ್ಲಿ ಒಬ್ಬ ಬೈರಾಗಿ ಇದ್ದನಂತೆ. ಊರಿನ ಹೆಂಗಸರು ಸರದಿಯ ಮೇಲೆ ಒಂದು ಮುದ್ದೆ, ಒಂದಿಷ್ಟು ಸಾರು ಇಟ್ಟು ಹಿಂತಿರುಗಿ ನೋಡದೆ ಬರುತ್ತಿದ್ದರಂತೆ. ಅವನ ಹೆಸರೇನು, ಊರು ಯಾವುದು, ಹೆಂಡತಿ ಮಕ್ಕಳು ಇದ್ದಾರೋ ಇಲ್ಲವೋ, ಒಬ್ಬರೂ ಕೇಳಲಿಲ್ಲ. ಯಾಕೆ ಕೇಳಲಿಲ್ಲ ಎಂದು ನಾನು ಕೇಳಿದೆ. ಕೇಳದೆ ಬಿಟ್ಟರೆ ನಾನು ನಾನಾಗುವುದು ಹೇಗೆ? ಅಜ್ಜಿ ಹೇಳಿದಳು, "ಒಬ್ರೇ ಕೂತೋರು ಎಲ್ಲೋ ದೂರ ಓಗಿರ್ತಾರೆ ಕಣಮ್ಮಿ. ನಾವು ಮಾತಾಡ್ಸಿದ್ರೆ ಅಲ್ಲಿಂದ ಇಲ್ಲೀಗಂಟ ನಡ್ಕಂಡು ಬರ್ಬೇಕು. ಎಷ್ಟು ಕಾಲ್ ನೋಯ್ತದೋ." ಎಂಥ ಮಾತು ನೋಡಿ. ಆ ಮಾತು ನನ್ನ ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಟಿತು. ನನ್ನ ಕಿವಿಗಳಿಗೆ ನನ್ನ ಬಾಯಿಂದ ಬರುವುದನ್ನು ಕೇಳಿಸಿಕೊಂಡೇ ಸಾಕಾಗಿರುತ್ತಿತ್ತು.

ಕಾಲ ಕಳೆಯಿತು, ದ್ರಾಕ್ಷಿ ಹೋಯಿತು, ಗಾಜಿನ ಕಟ್ಟಡಗಳು ಬಂದವು. ನಮ್ಮಪ್ಪ ತೋಟವನ್ನು ಅಪಾರ್ಟ್‌ಮೆಂಟ್ ಕಟ್ಟುವವರಿಗೆ ಕೊಟ್ಟು ಬದಲಿಗೆ ಒಂದಿಷ್ಟು ಫ್ಲ್ಯಾಟು ಪಡೆದ. ನಾವು ಈಗಿರುವುದು ಅವುಗಳಲ್ಲೊಂದರಲ್ಲಿ. ಮೂಲೆಯ ಮೂರು ಗುಂಟೆ ಮಾತ್ರ ಉಳಿಯಿತು, ಯಾಕೆಂದರೆ ಅದರೊಳಗೆ ಚಿಕ್ಕಪ್ಪ ಕೂತಿದ್ದ. ಅವನನ್ನು ಒಪ್ಪಿಸಲು ಕಂಪನಿಯಿಂದ ಟೈ ಕಟ್ಟಿದ ಒಬ್ಬ ಹುಡುಗ ಬಂದ. ಬಾವಿಯ ಕಟ್ಟೆಯ ಮೇಲೆ ನಕ್ಷೆ ಹರಡಿ ಮೇಲೆ ಕಲ್ಲು ಇಟ್ಟ.

"ಸಾರ್, ಕ್ಲಬ್‌ಹೌಸ್ ಬರುತ್ತೆ ಸಾರ್. ನಿಮಗೆ ಫ್ರೀ ಮೆಂಬರ್‌ಶಿಪ್."

"ಅಲ್ಲೇನಿರ್ತದೆ?"

"ಎಲ್ಲಾ ಇರುತ್ತೆ ಸಾರ್. ಮೇನ್ ಆಗಿ ಜನ. ಎಲ್ಲರೂ ಒಂದ್ಕಡೆ ಸೇರಬಹುದು."

"ಅಂಗಾರೆ ಬ್ಯಾಡ."

ಹುಡುಗ ಸುಲಭಕ್ಕೆ ಬಿಡುವ ಆಸಾಮಿಯಲ್ಲ. "ಹನ್ನೊಂದನೇ ಫ್ಲೋರಿಂದ ವ್ಯೂ ಹೇಗಿರುತ್ತೆ ಗೊತ್ತಾ ಸಾರ್? ಬಾಲ್ಕನಿಯಲ್ಲಿ ನಿಂತರೆ ಈ ಜಾಗ ಪೂರ್ತಿ ಕಾಣುತ್ತೆ."

"ಅದ್ನ ಇಲ್ಲೇ ಕೂತ್ಕಂಡು ನೋಡ್ತಾ ಇವ್ನಲ್ಲಪ್ಪ" ಎಂದ ಚಿಕ್ಕಪ್ಪ. ಹುಡುಗ ನಕ್ಷೆ ಸುತ್ತಿಕೊಂಡು ಹೋದ.

"ಅವನಿರೋಗಂಟ ಅದು ಅವನ್ದು, ಯಾರೂ ಮುಟ್ಬ್ಯಾಡಿ" ಎಂದು ಅಪ್ಪ ಎಲ್ಲರೆದುರು ಹೇಳಿದ. ಹೇಳಿದ, ಅಷ್ಟೇ. ಪತ್ರದಲ್ಲಿ ಬರೆಸಲು ಚಿಕ್ಕಪ್ಪನನ್ನು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರೆದುಕೊಂಡು ಹೋಗುವ ಕೆಲಸ ನನ್ನ ಪಾಲಿಗೆ ಬಂತು. ಆಫೀಸಿನ ಬಾಗಿಲಲ್ಲಿ ನಿಂತು ಒಳಗಿದ್ದ ಜನರನ್ನು ಅವನು ನೋಡಿದ. ನೂರಾರು ಜನ, ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. "ಇನ್ನೊಂದಿನ ಬರಾನ" ಎಂದು ಅಲ್ಲಿಂದಲೇ ತಿರುಗಿದ. ಆ ದಿನ ಅವನ ಕೈ ಹಿಡಿದು, ಹತ್ತು ನಿಮಿಷ ತಡಕೋ ಚಿಕ್ಕಪ್ಪ ಎಂದು ಒಳಗೆ ಎಳೆದುಕೊಂಡು ಹೋಗಬೇಕಿತ್ತು. ನಾನು ಮಾಡಿದ್ದೇನು? ಮನೆಗೆ ಬಂದು ಅವನು ಹೇಗೆ ಬಾಗಿಲಲ್ಲಿ ನಿಂತ, ಹೇಗೆ ಕಣ್ಣು ಅಗಲಿಸಿದ, ಹೇಗೆ ತಿರುಗಿದ ಎಂದು ಅಭಿನಯಿಸಿ ತೋರಿಸಿ ಎಲ್ಲರನ್ನೂ ನಗಿಸಿದೆ. ಆ ಇನ್ನೊಂದು ದಿನ ಬರಲೇ ಇಲ್ಲ. ಅಪ್ಪ ಹೋದ ಮೇಲೆ ಮೂರು ಗುಂಟೆಯೂ ನನ್ನ ತಮ್ಮನ ಹೆಸರಿಗೆ ಬಂತು.

ಚಿಕ್ಕಪ್ಪನ ಆಶ್ರಮಕ್ಕೆ ಶಿಷ್ಯರೂ ಬಂದಿದ್ದರು, ಗೊತ್ತೆ? ಕಾಂಪೌಂಡಿನ ಆಚೆಯ ಕಂಪನಿಯಿಂದ ಕತ್ತಿಗೆ ಬಿಲ್ಲೆ ನೇತುಹಾಕಿಕೊಂಡ ಒಬ್ಬ ಹುಡುಗ ಊಟದ ಹೊತ್ತಿನಲ್ಲಿ ಬಂದು ಬೇವಿನ ಮರದ ಕೆಳಗೆ ಕೂರಬಹುದಾ ಎಂದು ಕೇಳಿದ. "ಬಾಯ್ ಮುಚ್ಕಂಡು ಕೂರೋಂಗಿದ್ರೆ ಕೂರು" ಎಂದ ಚಿಕ್ಕಪ್ಪ. ಹುಡುಗನಿಗೆ ಜ್ಞಾನೋದಯವೇ ಆಗಿಹೋಯಿತು. ಅವನ ಆಫೀಸಿನಲ್ಲಿ ಆವರೆಗೆ ಯಾರೂ ಯಾವುದನ್ನೂ ಇಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲವಂತೆ. ಮಾರನೇ ದಿನ ಇಬ್ಬರು ಬಂದರು. ವಾರದೊಳಗೆ ಹತ್ತು ಜನ, ಕಂಕುಳಲ್ಲಿ ಸುತ್ತಿದ ಚಾಪೆ ಬೇರೆ. ಚಿಕ್ಕಪ್ಪ ಒಳಗೆ ಹೋಗಿ ಚಿಲಕ ಹಾಕಿಕೊಂಡ. ಅವರು ಮುಚ್ಚಿದ ಬಾಗಿಲ ಮುಂದೆ ನಿಂತು ಫೋಟೋ ತೆಗೆಸಿಕೊಂಡು, ಮುಚ್ಚಿದ ಬಾಗಿಲೇ ಗುರುಗಳ ಉಪದೇಶ ಎಂದು ಎಲ್ಲ ಕಡೆ ಹಾಕಿದರು. ಯಾರೋ ಫೋನಿನ ಮ್ಯಾಪಿನಲ್ಲಿ ಮೋಟರ್ ಮನೆಯನ್ನು ಧ್ಯಾನ ಕೇಂದ್ರ ಎಂದು ಗುರುತು ಮಾಡಿದರು. ಅದರ ಕೆಳಗೆ ಒಬ್ಬ ಎರಡು ಸ್ಟಾರ್ ಕೊಟ್ಟು ಬರೆದಿದ್ದ: ಜಾಗ ಚೆನ್ನಾಗಿದೆ, ಗುರುಗಳು ರೆಸ್ಪಾಂಡ್ ಮಾಡಲ್ಲ, ಪಾರ್ಕಿಂಗ್ ಇಲ್ಲ.

ನಾನು ಅದನ್ನು ಚಿಕ್ಕಪ್ಪನಿಗೆ ಓದಿ ಹೇಳಿದೆ. "ಯಾವನೋ ತಿಳಿದೋನು ಬರ್ದವ್ನೆ. ಅಂಗೇ ಇರ್ಲಿ ಬಿಡು, ಯಾರೂ ಬರಾಕಿಲ್ಲ" ಎಂದ.

ಹಾಗೆ ನೋಡಿದರೆ ಈಗಿನ ಕಾಲದಲ್ಲಿ ಋಷಿಗಳಿಗೇನು ಬರವೇ? ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಬೆಳಗ್ಗೆ ಎಂಟು ಜನ ನಿಂತಿರುತ್ತಾರೆ, ಎಂಟೂ ಜನರ ಕಿವಿಯಲ್ಲಿ ಬಿಳಿಯ ಬಿರಡೆ. ಯಾರಿಗೂ ಯಾರ ಉಸಿರೂ ಕೇಳದು. ಪಕ್ಕದ ಫ್ಲ್ಯಾಟಿನ ಹುಡುಗಿ ಮೂರು ದಿನ ಮಾತಾಡದೆ ಇರುವುದಕ್ಕೆ ದುಡ್ಡು ಕಟ್ಟಿ ಎಲ್ಲಿಗೋ ಹೋಗಿಬಂದಳು. ಬಂದ ಮೇಲೆ ಅದರ ಬಗ್ಗೆ ಮೂರು ವಾರ ಮಾತಾಡಿದಳು. ಇವರನ್ನೆಲ್ಲ ನಾವು ವಿಚಿತ್ರ ಎನ್ನುವುದಿಲ್ಲ. ದುಡ್ಡು ಕೊಡದೆ, ಕಿವಿಗೆ ಏನೂ ಸಿಕ್ಕಿಸಿಕೊಳ್ಳದೆ ತನ್ನ ಪಾಡಿಗೆ ತಾನು ಕೂತವನನ್ನು ಕಂಡರೆ ಮಾತ್ರ ನಮ್ಮ ಕರುಳು ಚುರುಕ್ ಎನ್ನುತ್ತದೆ.

ಇಷ್ಟರಲ್ಲಿ ಊಟ ಕೊಡುವ ಕೆಲಸ ನನ್ನದಾಗಿತ್ತು. ಚಿಕ್ಕಪ್ಪನ ನಿಯಮ ಸರಳ. ಕ್ಯಾರಿಯರನ್ನು ಒಗೆಯುವ ಕಲ್ಲಿನ ಮೇಲೆ ಇಡಬೇಕು, ನಿನ್ನೆಯದನ್ನು ತೊಳೆದು ಅಲ್ಲೇ ಬೋರಲು ಹಾಕಿರುತ್ತಾನೆ, ತೆಗೆದುಕೊಂಡು ಹೋಗಬೇಕು. ನಾನು ಹೋಗುತ್ತಿರಲಿಲ್ಲ. ಕೂರುತ್ತಿದ್ದೆ. ನನ್ನ ಮಂಡಿ, ನಾದಿನಿಯ ಹೊಸ ಬಳೆ, ಮೂರನೇ ಮಹಡಿಯವರ ಜಗಳ, ಎಲ್ಲ ಹೇಳುತ್ತಿದ್ದೆ. ಒಂಟಿ ಜೀವ, ಯಾರಾದರೂ ಮಾತಾಡಿಸಬೇಡವೇ ಎಂಬುದು ನನ್ನ ಘನ ಉದ್ದೇಶ. ಅವನು ಸ್ವಲ್ಪ ಹೊತ್ತು ಕೇಳುವನು. ಆಮೇಲೆ ತಲೆ ಎತ್ತಿ "ಕರೆಂಟ್ ಬಂತು" ಎಂದು ಎದ್ದು ಒಳಗೆ ಹೋಗುವನು. ಬಾವಿ ಬತ್ತಿ ಎಷ್ಟೋ ವರ್ಷವಾಗಿತ್ತು. ಮೋಟರು ಎಂದೋ ಮಾರಿಹೋಗಿತ್ತು. ಗೋಡೆಯ ಮೇಲೆ ಬರೀ ಸ್ಟಾರ್ಟರ್ ಡಬ್ಬಿ ಉಳಿದಿತ್ತು. ಅದರ ಹಸಿರು ಗುಂಡಿ ಒತ್ತಿದ ಟಕ್ ಸದ್ದು ಕೇಳಿಸುವುದು. ನಾನು ಎದ್ದು ಹೊರಡುವವರೆಗೆ ಅದನ್ನು ನಿಲ್ಲಿಸುವ ಕೆಂಪು ಗುಂಡಿಯ ಸದ್ದು ಬರುತ್ತಿರಲಿಲ್ಲ. ಒಂದು ದಿನ ಹೊರಟ ಹಾಗೆ ಮಾಡಿ ಮತ್ತೆ ಬಂದು ಕೂತು, ಇಪ್ಪತ್ತೇ ನಿಮಿಷದಲ್ಲಿ ಮೂರು ಸಲ ಕರೆಂಟು ಬರಿಸಿದ್ದೆ. ಅದನ್ನೂ ಮನೆಯಲ್ಲಿ ಹೇಳಿ ನಗಿಸಿದೆ.

ಎಲ್ಲ ಕೆಟ್ಟಿದ್ದು ಒಂದು ಬೀಗರೂಟದಲ್ಲಿ. ದೂರದ ಸಂಬಂಧದ ಅತ್ತೆಯೊಬ್ಬರು ನಾಲ್ಕು ಜನರಿಗೆ ಕೇಳುವ ಹಾಗೆ, "ಆಕಾಶ್ದುದ್ದ ಬಿಲ್ಡಿಂಗ್ ಕಟ್ಕಂಡವ್ರೆ, ಅಪ್ಪನ್ ಒಡಹುಟ್ಟಿದೋನ್ನ ನಾಯಿ ಗೂಡಲ್ಲಿ ಮಡಗವ್ರೆ" ಎಂದುಬಿಟ್ಟರು. ನಿಜ ಹೇಳಬೇಕೆಂದರೆ, ಅಲ್ಲಿ ಹಾವು ಹುಳ ಇದೆ, ವಯಸ್ಸು ಎಪ್ಪತ್ತಾಗಿದೆ ಎಂಬ ಭಯ ನಮಗೆ ಆಮೇಲೆ ಹುಟ್ಟಿದ್ದು. ಮೊದಲು ಹುಟ್ಟಿದ್ದು ಜನರ ಬಾಯಿಯ ಭಯ. ಅದೇ ಸಂಜೆ ನನ್ನ ತಮ್ಮ ವಾಟ್ಸಾಪಿನಲ್ಲಿ 'ಚಿಕ್ಕಪ್ಪ ಕ್ಷೇಮ' ಎಂಬ ಗುಂಪು ಮಾಡಿದ. ಹತ್ತೊಂಬತ್ತು ಜನ ಸೇರಿದೆವು, ಚಿಕ್ಕಪ್ಪನೊಬ್ಬನನ್ನು ಬಿಟ್ಟು. ಅವನ ಹತ್ತಿರ ಫೋನಿರಲಿಲ್ಲ. ತಮ್ಮ ಬರೆದ: ಅಕ್ಕ ಹೇಗಾದರೂ ಎಂಟು ದಿನ ಅವರನ್ನು ಅಲ್ಲಿಂದ ಹೊರಗೆ ಕರಕೊಂಡು ಬರಲಿ, ಅಷ್ಟರಲ್ಲಿ ನಾನು ರೂಮು ಕೆಡವಿ ಬಾವಿ ಮುಚ್ಚಿಸಿಬಿಡುತ್ತೇನೆ, ಹೋಗುವುದಕ್ಕೆ ಜಾಗವಿಲ್ಲದಿದ್ದರೆ ತಾನಾಗಿ ಮನೆಯಲ್ಲಿರುತ್ತಾರೆ. ಅದರ ಕೆಳಗೆ ಎಲ್ಲರೂ ಹೆಬ್ಬೆರಳಿನ ಚಿತ್ರ ಒತ್ತಿದರು. ನಾನೂ ಒತ್ತಿದೆ. ನಮ್ಮ ಮುತ್ತಜ್ಜಂದಿರು ಓದು ಬಾರದೆ ಹೆಬ್ಬೆಟ್ಟು ಒತ್ತಿ ಜಮೀನು ಕಳೆದುಕೊಂಡವರು. ನಾನು ಬಿ.ಕಾಂ. ಓದಿದವಳು, ಓದಿ ಅರ್ಥ ಮಾಡಿಕೊಂಡ ಮೇಲೆಯೇ ಒತ್ತಿದೆ.

ಫೋನಿಲ್ಲದವನಿಗೆ ಸುಳ್ಳು ಹೇಳಬೇಕಾದರೆ ಎದುರು ನಿಂತು ಹೇಳಬೇಕು, ಅದೊಂದು ಕಷ್ಟ. ಹಣೆಗೆ ನೋವಿನ ಮುಲಾಮು ಬಳಿದುಕೊಂಡು ಹೋದೆ.

"ಚಿಕ್ಕಪ್ಪ, ಎರಡು ದಿನದಿಂದ ಜ್ವರ. ನಮ್ಮ ಯಜಮಾನರು ಊರಲ್ಲಿಲ್ಲ. ಒಬ್ಬಳೇ ಇರೋಕೆ ಭಯ ಆಗುತ್ತೆ."

"ಒಬ್ಳೇ ಇರಾಕೆ ಭಯನಾ?" ಎಂದು ಅವನು ನನ್ನನ್ನೇ ನೋಡಿದ. ಮುದ್ದೆ ನುಂಗಲು ಭಯ ಎಂದು ಯಾರಾದರೂ ಹೇಳಿದರೆ ನೋಡುವ ಹಾಗೆ. ಆಮೇಲೆ "ತಡಿ" ಎಂದು ಒಳಗೆ ಹೋಗಿ ಒಂದು ಟವೆಲ್ಲು, ಒಂದು ಚೊಂಬು ತೆಗೆದುಕೊಂಡ. ಬಾಗಿಲಿಗೆ ಬೀಗ ಹಾಕಿ ಬೀಗದಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡ. ನಲವತ್ತೆಂಟು ವರ್ಷದಲ್ಲಿ ಯಾರು ಕರೆದರೂ ಮನೆಗೆ ಬಂದು ಇರದವನು, ಹೆಣ್ಣು ಕೊಡಲು ಬಂದ ಹನ್ನೊಂದು ಜನಕ್ಕೂ ಜಗ್ಗದವನು, ನನ್ನ ಹಿಂದೆ ನಡೆದುಕೊಂಡು ಬಂದ.

ಸುಳ್ಳಿಗೆ ಹೊಂದಲಿ ಎಂದು ನಮ್ಮ ಯಜಮಾನರನ್ನು ಎಂಟು ದಿನ ನನ್ನ ತಮ್ಮನ ಮನೆಗೆ ಸಾಗಹಾಕಿದ್ದೆ. ಅವರು ಅಷ್ಟು ಸಂತೋಷವಾಗಿ ಎಲ್ಲಿಗೂ ಹೊರಟಿದ್ದನ್ನು ನಾನು ಕಂಡಿಲ್ಲ. ಇತ್ತ ನನ್ನ ಅವಸ್ಥೆ ಕೇಳಬೇಡಿ. ಚಿಕ್ಕಪ್ಪ ಬಂದವನೇ ಅಡುಗೆಮನೆಗೆ ಹೋಗಿ ಮೆಣಸು, ಜೀರಿಗೆ, ಶುಂಠಿ, ಎಲ್ಲಿಂದಲೋ ಹುಡುಕಿ ತಂದ ಅಮೃತಬಳ್ಳಿ, ಎಲ್ಲ ಹಾಕಿ ಕಷಾಯ ಕುದಿಸಿದ. ದಿನಕ್ಕೆ ಮೂರು ಲೋಟ. ಇಲ್ಲದ ಜ್ವರಕ್ಕೆ ಅಷ್ಟು ಕಹಿ ಕುಡಿದ ಹೆಂಗಸು ಬೆಂಗಳೂರಿನಲ್ಲಿ ನಾನೊಬ್ಬಳೇ ಇರಬೇಕು. ಕುಡಿಯುವವರೆಗೆ ಎದುರು ನಿಲ್ಲುತ್ತಿದ್ದ. ಆಮೇಲೆ ಮಲಗುವ ಕೋಣೆಯ ಹೊಸ್ತಿಲ ಹತ್ತಿರ ನೆಲದ ಮೇಲೆ ಕೂತಿರುತ್ತಿದ್ದ. ಏನಾದರೂ ಬೇಕಾದರೆ ನಾನು ಕೂಗುವ ಕಷ್ಟವೂ ಬೇಡ ಎಂದು.

ಎರಡನೇ ದಿನ ಬೆಳಗ್ಗೆ ಹತ್ತಕ್ಕೆ ಜೆಸಿಬಿ ಬಂತು. ನಮ್ಮ ಬಾಲ್ಕನಿಯಿಂದ ಮೋಟರ್ ಮನೆಯ ಶೀಟು ಕಾಣುತ್ತಿತ್ತು. ಚಳಿ ಎಂದು ಬಾಲ್ಕನಿ ಬಾಗಿಲು ಹಾಕಿಸಿದೆ. ಪರದೆ ಎಳೆಸಿದೆ. ಆದರೂ ಸದ್ದು ಬರುತ್ತಿತ್ತು. ಜ್ವರಕ್ಕೆ ಕಿವಿ ಮಂದವಾಗಿದೆ ಚಿಕ್ಕಪ್ಪ ಎಂದು ಹೇಳಿ ಟಿವಿಯ ದನಿ ಏರಿಸಿದೆ. ಯಾವುದೋ ಧಾರಾವಾಹಿಯಲ್ಲಿ ಅತ್ತೆ ಸೊಸೆ ಕಿರುಚಾಡುತ್ತಿದ್ದರು. ಚಿಕ್ಕಪ್ಪ ಹೊಸ್ತಿಲಲ್ಲಿ ಕೂತು ಟಿವಿಯನ್ನೇ ನೋಡುತ್ತಿದ್ದ. ಹನ್ನೊಂದಕ್ಕೆ ಎದ್ದು ಕಷಾಯ ತಂದು "ಕುಡಿ" ಎಂದ. ಕುಡಿದೆ. ಆ ಧಾರಾವಾಹಿ ಮುಗಿಯುವಷ್ಟರಲ್ಲಿ ಮೋಟರ್ ಮನೆ ಮುಗಿದಿತ್ತು. ಬಾವಿ ಮುಚ್ಚಲು ಇನ್ನೂ ಎರಡು ದಿನ ಹಿಡಿಯಿತು.

ಒಂಬತ್ತನೇ ದಿನ ತಮ್ಮ ಬಂದು ವಿಷಯ ಹೇಳಿದ. ನಾನು ಅಡುಗೆಮನೆಯಲ್ಲಿ ಅಡಗಿ ನಿಂತಿದ್ದೆ. ಚಿಕ್ಕಪ್ಪ ಕೂಗಾಡುತ್ತಾನೆ, ಶಾಪ ಹಾಕುತ್ತಾನೆ, ಹಿಂದಿನ ಋಷಿಗಳ ಹಾಗೆ ಕಮಂಡಲದ ಬದಲು ಆ ಚೊಂಬಿನ ನೀರನ್ನಾದರೂ ಚೆಲ್ಲುತ್ತಾನೆ ಎಂದು ಕಾದೆ.

"ಸ್ಟಾರ್ಟರ್ ಎಲ್ಲಿ ಮಡಗಿದ್ದೀಯಾ?" ಎಂದು ಕೇಳಿದ.

"ಗುಜರಿಗೆ ಹೋಯ್ತು ಚಿಕ್ಕಪ್ಪ. ಹಳೇದಲ್ವಾ."

"ಊಂ" ಎಂದ. ಉಡಿದಾರದಿಂದ ಬೀಗದಕೈ ಬಿಚ್ಚಿ ಫ್ರಿಜ್ಜಿನ ಮೇಲೆ ಇಟ್ಟ. ತಮ್ಮ ಹೊರಡುವಾಗ ನನ್ನ ಕಿವಿಯಲ್ಲಿ, "ಅಕ್ಕ, ಇಷ್ಟು ಸುಲಭವಾಗಿ ಮುಗಿಯುತ್ತೆ ಅಂದ್ಕೊಂಡಿರ್ಲಿಲ್ಲ" ಎಂದ. ಈಗ ಆ ಜಾಗದಲ್ಲಿ ಕಾರು ತೊಳೆಯುವ ಶೆಡ್ಡು ಇದೆ.

ಅಂದಿನಿಂದ ಚಿಕ್ಕಪ್ಪ ಬಂಗಾರದಂಥ ಮನುಷ್ಯನಾದ. ಲಿಫ್ಟಿನಲ್ಲಿ ಯಾರಾದರೂ ಗುಡ್ ಮಾರ್ನಿಂಗ್ ಅಂಕಲ್ ಎಂದರೆ ಗುಡ್ ಮಾರ್ನಿಂಗ್ ಎನ್ನುತ್ತಾನೆ. ಹಿರಿಯ ನಾಗರಿಕರ ಸಂಘಕ್ಕೆ ಸೇರು ಎಂದೆ, ಸೇರಿದ. ಪಾರ್ಕಿನಲ್ಲಿ ನಗೆ ಕೂಟಕ್ಕೆ ಹೋಗು ಎಂದೆ, ಹೋದ. ಬೆಳಗ್ಗೆ ಆರೂವರೆಗೆ ಇಪ್ಪತ್ತು ಜನ ಮುದುಕರ ನಡುವೆ ಕೈ ಮೇಲೆತ್ತಿ ಹ್ಹ ಹ್ಹ ಹ್ಹ ಎಂದು ನಗುತ್ತಾನೆ. ನಗಿ ಎಂದಾಗ ನಗುತ್ತಾನೆ, ಸಾಕು ಎಂದಾಗ ನಿಲ್ಲಿಸುತ್ತಾನೆ. ಆ ವಿಡಿಯೋ 'ಚಿಕ್ಕಪ್ಪ ಕ್ಷೇಮ'ಕ್ಕೆ ಹಾಕಿದೆ. ಚಪ್ಪಾಳೆಗಳ ಸುರಿಮಳೆಯಾಯಿತು. ಬೀಗರೂಟದ ಅತ್ತೆ ತಾವಾಗಿ ಫೋನು ಮಾಡಿ, "ನೀನು ಕಣಮ್ಮ ಹೆಣ್ಣು ಅಂದ್ರೆ" ಎಂದರು.

ನನಗೆ ಮಾತ್ರ ಏನೋ ಸರಿ ಇಲ್ಲ ಎಂದು ಗೊತ್ತಾಗುತ್ತಿತ್ತು. ನನ್ನ ಮಾತನ್ನು ಈ ಜನ್ಮದಲ್ಲಿ ಯಾರೂ ಪೂರ್ತಿ ಕೇಳಿದವರಿಲ್ಲ. ಗಂಡ ಪೇಪರು ಮುಖಕ್ಕೆ ಹಿಡಿಯುತ್ತಾರೆ, ತಮ್ಮ ಫೋನು ಬಂತು ಎನ್ನುತ್ತಾನೆ. ಈಗ ಚಿಕ್ಕಪ್ಪ ಕೇಳತೊಡಗಿದ. ಎದುರು ಕೂತು, ತಲೆ ಆಡಿಸುತ್ತ, ಮೊದಲಿಂದ ಕೊನೆಯವರೆಗೆ. ಒಂದು ದಿನ ಬೇಕೆಂದೇ ಮುಕ್ಕಾಲು ಗಂಟೆ ಒಂದೇ ಸಮ ಮಾತಾಡಿದೆ, ಒಂದು ಸಲವಾದರೂ ಕರೆಂಟ್ ಬಂತು ಎಂದು ಎದ್ದು ಹೋಗಲಿ ಎಂದು. ಅವನು "ಊಂ, ಆಮ್ಯಾಕೆ?" ಎಂದ. ನಾನು ಒಲೆ ಮೇಲೆ ಹಾಲಿದೆ ಎಂದು ಹೇಳಿ ಒಳಗೆ ಹೋಗಿ ಅತ್ತೆ. ನಾವು ಅವನನ್ನು ಮನೆಗೆ ಕರೆತಂದಿರಲಿಲ್ಲ. ಹಿಂದೆ ಬಿಟ್ಟುಬಂದಿದ್ದೆವು. ಇಲ್ಲಿಗೆ ಬಂದದ್ದು ನಾವು ಹೇಳಿದ್ದಕ್ಕೆಲ್ಲ ಹೂಂ ಎನ್ನುವ ಯಾರೋ ಒಬ್ಬ ಮುದುಕ.

ಹೋದ ತಿಂಗಳ ಮಾತು. ನಮ್ಮ ಹಳೆಯ ಕಾರೊಂದು ಎರಡನೇ ಬೇಸ್‌ಮೆಂಟಿನಲ್ಲಿ ಕವರ್ ಹೊದ್ದು ನಿಂತಿದೆ. ಮೆಟ್ರೋ ಬಂದ ಮೇಲೆ ಯಜಮಾನರು ಅದನ್ನು ಮುಟ್ಟಿಲ್ಲ. ಮಾರಿಬಿಡೋಣ ಎಂದು ಯಾರಿಗೋ ಹೇಳಿ, ಕಾರಿನ ಪೇಪರುಗಳು ಒಳಗೇ ಇವೆ ತಂದುಕೊಡು ಎಂದು ನನಗೆ ಹೇಳಿದರು. ನೋಡಿದರೆ ಬಾಗಿಲ ಪಕ್ಕದ ಮೊಳೆಯಲ್ಲಿ ಕಾರಿನ ಕೀ ಇಲ್ಲ. ಬೀರುವಿನಲ್ಲಿದ್ದ ಇನ್ನೊಂದು ಕೀ ಹುಡುಕಿಕೊಂಡು ಇಳಿದೆ. ಮಧ್ಯಾಹ್ನ ನಾಲ್ಕೂವರೆ. ದಿನಾ ನಾಲ್ಕಕ್ಕೆ ಚಿಕ್ಕಪ್ಪ ವಾಕಿಂಗ್ ಎಂದು ಹೋಗುವ ಹೊತ್ತು.

ಬೇಸ್‌ಮೆಂಟಿನ ಸೆಕ್ಯುರಿಟಿಯವನು ಅಸ್ಸಾಮಿನವನು. ನನ್ನನ್ನು ಕಂಡು ಕುರ್ಚಿಯಿಂದ ಎದ್ದು, "ಅಂಕಲ್ ಒಳಗೆ ಇದೆ ಮೇಡಂ. ಡೈಲಿ ಬರುತ್ತೆ. ಏನೂ ಮಾಡಲ್ಲ" ಎಂದ.

ಕವರಿನ ಒಂದು ಬದಿ ಮೇಲಕ್ಕೆ ಮಡಿಸಿತ್ತು. ಬಗ್ಗಿ ನೋಡಿದೆ. ಚಿಕ್ಕಪ್ಪ ಹಿಂದಿನ ಸೀಟಿನಲ್ಲಿ ಕಾಲು ಮಡಿಸಿ ಕೂತಿದ್ದ. ಬಾಗಿಲು ಬೆರಳಷ್ಟು ತೆರೆದಿತ್ತು. ನಿದ್ದೆಯಲ್ಲ, ಕಣ್ಣು ತೆರೆದೇ ಇದ್ದವು. ಎದುರಿನ ಸಿಮೆಂಟು ಕಂಬವನ್ನು ನೋಡುತ್ತಿದ್ದ. ಮನೆಯಲ್ಲಿ ಸದಾ ಮುಖಕ್ಕೆ ಅಂಟಿಸಿಕೊಂಡಿರುತ್ತಿದ್ದ ಆ ಒಪ್ಪಿಗೆಯ ನಗು ಅಲ್ಲಿರಲಿಲ್ಲ. ಹಾಯಾಗಿದ್ದ. ನನಗೆ ಎಷ್ಟು ನಾಚಿಕೆಯಾಯಿತು ಎಂದರೆ, ಸದ್ದು ಮಾಡದೆ ತಿರುಗಿ ಹೊರಟೆ. ಆದರೆ ನನ್ನ ಚಪ್ಪಲಿಗೂ ನನ್ನಂತೆಯೇ ಬಾಯಿ ಜಾಸ್ತಿ.

"ಬಂದೋಳು ಯಾಕ್ ಓಯ್ತಿಯಾ?" ಒಳಗಿಂದ ಬಾಗಿಲು ಪೂರ್ತಿ ತೆರೆಯಿತು. ಅವನು ಆ ಕಡೆಗೆ ಸರಿದು ಜಾಗ ಮಾಡಿದ.

ಪಕ್ಕದಲ್ಲಿ ಕೂತೆ. ಬಹಳ ಹೊತ್ತು ಮಾತಾಡಲಿಲ್ಲ. ಐದು ನಿಮಿಷವಿರಬಹುದು, ನನ್ನ ಮಟ್ಟಿಗೆ ಅದು ಬಹಳ ಹೊತ್ತು. ಆಮೇಲೆ ತಡೆಯಲಾಗಲಿಲ್ಲ.

"ಚಿಕ್ಕಪ್ಪ, ಅವತ್ತು ನನಗೆ ಜ್ವರ ಇರಲಿಲ್ಲ."

"ಗೊತ್ತು."

"ಅವನು ಕೆಡವ್ತಾನೆ ಅಂತಾನೂ ನನಗೆ ಗೊತ್ತಿತ್ತು."

"ಅದೂ ಗೊತ್ತು. ಸದ್ದು ಕೇಳುಸ್ತಿತ್ತಲ್ಲ."

"ಮತ್ತೆ ಯಾಕೆ ಸುಮ್ಮನೆ ಕೂತಿದ್ದೆ? ನೀನು ಹೋಗಿ ಎದುರು ನಿಂತಿದ್ರೆ ಅವನು ನಿಲ್ಲಿಸ್ತಿದ್ದ."

ಅವನು ಕಂಬದಿಂದ ಕಣ್ಣು ತೆಗೆಯಲಿಲ್ಲ. "ನಾನು ಎದ್ದೋಗಿದ್ರೆ ಮಲ್ಗಿದ್ದೋಳು ನೀನೂ ಎದ್ ಬರ್ಬೇಕಾಗ್ತಿತ್ತು. ಅಷ್ಟ್ ಜನದ್ ಮುಂದೆ ನಿಂಗೆ ನಾಚ್ಕೆ ಆಗಾದು." ಆಮೇಲೆ "ಕಷಾಯ ಬ್ಯಾರೆ ಕುಡ್ದಿದ್ದೆ, ಪಾಪ" ಎಂದ.

ನಾನು ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತೆ. ಅಳಬೇಡ ಎಂದು ಅವನು ಹೇಳಲಿಲ್ಲ, ಬೆನ್ನು ಸವರಲಿಲ್ಲ. ಪಕ್ಕದಲ್ಲಿ ಕೂತಿದ್ದ, ಅಷ್ಟೇ. ಇಷ್ಟು ವರ್ಷ ಅವನ ಹತ್ತಿರ ಹೋಗಿ ನಾನು ಇಷ್ಟನ್ನು ಮಾಡಿದ್ದರೆ ಸಾಕಿತ್ತು ಎಂದು ಆಗ ಅನ್ನಿಸಿತು. ಅಳು ನಿಂತ ಮೇಲೆ ಅವನು, "ಆಯ್ತು, ಈಗ ನೀನು ಓಗು. ನಾನು ಐದೂವರೆಗೆ ಬತ್ತೀನಿ" ಎಂದ.

ಹೋಗು ಎಂದ ಕೂಡಲೇ ಎದ್ದು ಹೋದವಳಲ್ಲ ನಾನು. ಅವತ್ತು ಎದ್ದೆ. ಬಾಗಿಲನ್ನು ಮೊದಲಿನಂತೆ ಬೆರಳಷ್ಟು ಬಿಟ್ಟು, ಕವರನ್ನು ಹೊರಗಿನವರಿಗೆ ಕಾಣದ ಹಾಗೆ ಎಳೆದು, ಗಾಳಿಗೆ ಗೋಡೆಯ ಬದಿಯಲ್ಲಿ ಮಾತ್ರ ಎತ್ತಿಕಟ್ಟಿದೆ. ಪೇಪರುಗಳನ್ನು ತೆಗೆಯಲಿಲ್ಲ.

ಮೇಲೆ ಯಜಮಾನರು ಕಾಯುತ್ತಿದ್ದರು. "ಪೇಪರ್ ತಂದ್ಯಾ? ಭಾನುವಾರ ಗಾಡಿ ನೋಡೋಕೆ ಬರ್ತಾರಂತೆ."

"ಬರೋದು ಬೇಡ ಅಂತ ಹೇಳಿಬಿಡಿ. ಆ ಗಾಡಿ ಚಿಕ್ಕಪ್ಪನಿಗೆ ಬೇಕು."

"ಅವರಿಗೆ ಡ್ರೈವಿಂಗೇ ಬರಲ್ಲವಲ್ಲೇ?"

"ಬರಲ್ಲ" ಎಂದೆ. ಮುಂದೆ ಏನೂ ಹೇಳಲಿಲ್ಲ.